ಅವಳೂ ನಗ್ತಾಳೆ ಅಂದ್ಯಲ್ಲ

ಕೂಸೇ,

ಫೋನಲ್ಲಿ ಹೇಳೋಕೆ ಹೋದ್ರೆ ನಾನು ಭಾಷಣ ಶುರು ಮಾಡ್ತೀನಿ, ನೀನು "ಹ್ಞಾಂ ಅಪ್ಪ, ಹ್ಞಾಂ ಅಪ್ಪ" ಅಂದು ಇಟ್ಬಿಡ್ತೀಯ, ಅದ್ಕೇ ಬರೀತಿದೀನಿ. ಡೊಂಬಿವಲಿಯಿಂದ ಫಾಸ್ಟ್ ಲೋಕಲ್, ಇವತ್ತು ಪುಣ್ಯಕ್ಕೆ ಕೂರೋಕೆ ಜಾಗ ಸಿಕ್ಕಿದೆ, ಮೊಬೈಲಲ್ಲೇ ಟೈಪ್ ಮಾಡ್ತಿದೀನಿ, ತಪ್ಪಿದ್ರೆ ಸರಿ ಮಾಡ್ಕೊಂಡು ಓದ್ಕೋ.

ಭಾನುವಾರ ನೀನು ಅತ್ತಿದ್ದು ಕೇಳಿ ಆಯಿಗೆ ರಾತ್ರಿಯಿಡೀ ನಿದ್ದೆ ಇಲ್ಲ. ಮೆಸ್‌ನಲ್ಲಿ ಆ ಹುಡುಗ್ರು "ಕಾಲೀ" ಅಂದಿದ್ದು, ಕರೆಂಟ್ ಹೋದಾಗ "ಹಲ್ಲು ತೋರ್ಸು, ಎಲ್ಲಿದೀಯ ಗೊತ್ತಾಗ್ಲಿ" ಅಂದಿದ್ದು, ಅವಳು ಬೆಳಿಗ್ಗೆನೇ ಪುಣೆ ಟ್ರೇನ್ ಹತ್ತೋಳಿದ್ಲು, ನಾನೇ ತಡೆದೆ. ವಾರ್ಡನ್‌ಗೆ ಬರವಣಿಗೆಯಲ್ಲೇ ಕಂಪ್ಲೇಂಟ್ ಕೊಡು, ಕಾಪಿ ಇಟ್ಕೋ, ಬೇಕಾದ್ರೆ ನಾನೂ ಬರ್ತೀನಿ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ನನ್ನ ನಿದ್ದೆ ಕೆಡಿಸಿದ್ದು ಬೇರೆ ಮಾತು. ಅಳು ನಿಂತ್ಮೇಲೆ ರೂಮ್‌ಮೇಟ್ ವಿಷ್ಯ ಬಂತಲ್ಲ, ಮಣಿಪುರದವ್ಳು, ಫ್ಲೋರ್‌ನವ್ರೆಲ್ಲ ಮೋಮೋ ಅಂತ್ಲೇ ಕರೆಯೋದು, "ನಾನೂ ಹಂಗೇ ಕರೀತೀನಿ ಅಪ್ಪ, ಅವ್ಳೇನೂ ಅನ್ಕೊಳಲ್ಲ, ಅವಳೂ ನಗ್ತಾಳೆ" ಅಂದೆ.

ನನಗೂ ಒಬ್ಬ ಹಂಗೆ ನಗೋನು ಗೊತ್ತಿದ್ದ.

ಯಲ್ಲಾಪುರದ ಹತ್ರ ನಮ್ಮೂರ ಶಾಲೆ, ಐದನೇ ಕ್ಲಾಸು, ನನ್ನ ಬೆಂಚಲ್ಲೇ ಕೂರ್ತಿದ್ದ ಸಿದ್ದಿ ಹುಡುಗ. ಕನ್ನಡ ಪದ್ಯ ನನಗಿಂತ ಚೆನ್ನಾಗಿ ಹೇಳ್ತಿದ್ದ, ಮನೇಲಿ ಕೊಂಕಣಿ, ಮರ ಹತ್ತೋದ್ರಲ್ಲಿ ಅವನ ಮುಂದೆ ಯಾರೂ ಇಲ್ಲ. ಅವನ ಗುಂಗುರು ಕೂದಲಲ್ಲಿ ಪೆನ್ಸಿಲ್ ಸಿಗಿಸಿದ್ರೆ ನಿಲ್ತಿತ್ತು. ಮೊದಲು ಸಿಗಿಸಿದ್ದು ನಾನೇ ಕೂಸೇ. ಕ್ಲಾಸಿಗೆ ಕ್ಲಾಸೇ ನಕ್ತು, ಅವನೂ ನಕ್ಕ. ಆಮೇಲೆ ಅದೊಂದು ಆಟವೇ ಆಗೋಯ್ತು, ದಿನಾ ಯಾರಾದ್ರೂ ಒಬ್ರು. ಒಂದಿನ ಅವನು ತಲೆ ನುಣ್ಣಗೆ ಬೋಳಿಸ್ಕೊಂಡು ಬಂದ. ಮಾಸ್ತರು ಗಾಬರಿಯಾಗಿ "ಮನೇಲಿ ಯಾರಾದ್ರೂ ಹೋದ್ರೇನೋ" ಅಂತ ಕೇಳಿದ್ರು. ಇಲ್ಲ ಅಂದ. ನಗ್ಲಿಲ್ಲ. ನಾನು ಪುಸ್ತಕ ನೋಡ್ತಾ ಕೂತೆ.

ಎಷ್ಟೋ ವರ್ಷ ಆದ್ಮೇಲೆ, ಇಲ್ಲೇ ಮುಂಬೈಲಿ, ದಕ್ಷಿಣ ಆಫ್ರಿಕಾ ಬಗ್ಗೆ ಓದಿದೆ. 1950ರಲ್ಲಿ ಅಲ್ಲಿ ಜನರನ್ನೆಲ್ಲ ಬಣ್ಣದ ಮೇಲೆ ಪಟ್ಟಿ ಮಾಡೋ ಕಾನೂನು ತಂದ್ರು, ಯಾರು ಯಾವ ಪಟ್ಟಿ ಅಂತ ಅನುಮಾನ ಬಂದ್ರೆ ಕೂದಲಿಗೆ ಪೆನ್ಸಿಲ್ ಸಿಗಿಸಿ ನೋಡೋದು, ಜಾರಿ ಬಿದ್ರೆ ಬಿಳಿಯ, ನಿಂತ್ರೆ ಅಲ್ಲ. ಹಂಗೆ ನೋಡಿ ಒಂದೇ ಮನೆಯವ್ರನ್ನ ಬೇರೆ ಬೇರೆ ಪಟ್ಟಿಗೆ ಹಾಕಿದ್ದೂ ಇದೆ. ಅದನ್ನ ಓದಿದಾಗ ನನ್ನ ಕೈ ನೋಡ್ಕೊಂಡೆ. ಹತ್ತು ವರ್ಷದ ಹುಡುಗನಿಗೆ ಯಾರೂ ಹೇಳ್ಕೊಟ್ಟಿರ್ಲಿಲ್ಲ ಅಂತ ಸಮಾಧಾನ ಮಾಡ್ಕೋಬಹುದಿತ್ತು, ಆದ್ರೆ ಹೇಳ್ಕೊಟ್ಟಿದ್ರಲ್ಲ, ನಮ್ಮನೆ ತೋಟದ ಕೆಲಸಕ್ಕೆ ಅವರಪ್ಪ ಬಂದ್ರೆ ಬೇರೆ ಲೋಟ, ಅಂಗಳದ ತುದೀಲಿ ಕೂತು ಚಾ, ಅದನ್ನ ನೋಡ್ಕೊಂಡೇ ಬೆಳೆದಿದ್ದು.

ಥಾಣೆ ಬಂತು, ಜನ ಹತ್ತಿದ್ರು, ಮೊಣಕೈ ಆಡ್ಸೋಕೂ ಜಾಗ ಇಲ್ಲ.

ಸಿದ್ದಿಗಳು ಯಾರು ಅಂತ ನಿನಗೆ ಪಠ್ಯದಲ್ಲಿ ಬಂದಿರಲ್ಲ. ಪೋರ್ಚುಗೀಸರು ಆಫ್ರಿಕಾದಿಂದ ಹಡಗಲ್ಲಿ ಗುಲಾಮರನ್ನ ಗೋವಾಕ್ಕೆ ತರ್ತಿದ್ರು, ಅಲ್ಲಿಂದ ತಪ್ಪಿಸ್ಕೊಂಡು ಘಟ್ಟದ ಕಾಡು ಸೇರ್ಕೊಂಡವ್ರ ವಂಶ ತುಂಬಾ ಇದೆ ಯಲ್ಲಾಪುರ, ಹಳಿಯಾಳ, ಅಂಕೋಲಾ ಕಡೆ. ಎಲ್ಲರೂ ಗುಲಾಮರಾಗೇ ಇರ್ಲಿಲ್ಲ ಮತ್ತೆ, ಮುರುಡ್‌ಗೆ ಪಿಕ್ನಿಕ್ ಹೋದಾಗ ಜಂಜೀರಾ ಕೋಟೆ ಮುಂದೆ ಸೆಲ್ಫಿ ತೆಗೆದ್ಯಲ್ಲ, ಅದನ್ನ ಆಳಿದ್ದು ಸಿದ್ದಿ ನವಾಬರೇ. ನಮ್ಮ ಕಡೆಯವ್ರಿಗೆ ಪರಿಶಿಷ್ಟ ಪಂಗಡ ಅಂತ ಸಿಕ್ಕಿದ್ದೇ 2003ರಲ್ಲಿ. 2020ರಲ್ಲಿ ಶಾಂತಾರಾಮ ಸಿದ್ದಿ ಅಂತ ಒಬ್ರು ವಿಧಾನ ಪರಿಷತ್ತಿಗೆ ಹೋದ್ರು, ಆ ಸಮುದಾಯದಿಂದ ಮೊದಲನೆಯವ್ರು. ಇಷ್ಟು ತಲೆಮಾರು ಆದ್ಮೇಲೂ ಬಸ್ಸಲ್ಲಿ ಅವ್ರನ್ನ ಇಂಗ್ಲಿಷಲ್ಲಿ ಯಾವ ದೇಶ ಅಂತ ಕೇಳ್ತಾರೆ.

ಈಗ ನಿನ್ನ ವಿಷ್ಯ. ನಿನಗೆ ಮೊದಲು ನೋವು ಮಾಡಿದ್ದು ಆ ಮೆಸ್‌ನ ಹುಡುಗ್ರಲ್ಲ, ನಾವೇ. ನೀನು ಹುಟ್ಟಿದಾಗ ಅಜ್ಜಿ ಅಂದಿದ್ದು "ಕೂಸು ಕಪ್ಪಾದ್ರೂ ಲಕ್ಷಣ ಇದ್ದು". ಪ್ರೀತಿಯಿಂದ್ಲೇ ಅಂದಿದ್ದು. ಆ "ಆದ್ರೂ" ಇದೆ ನೋಡು, ಅದನ್ನ ನಾವ್ಯಾರೂ ಕೇಳಿಸ್ಕೊಳ್ಳಲೇ ಇಲ್ಲ. ಅತ್ತೆ ಪ್ರತಿ ದೀಪಾವಳಿಗೆ ಕ್ರೀಮ್ ತರೋಳು, ಅದರ ಹೆಸರಲ್ಲಿದ್ದ "ಫೇರ್" ಅನ್ನೋದು 2020ರಲ್ಲಿ ಹೋಯ್ತು, ಅತ್ತೆ ಬಾಯಲ್ಲಿ ಇನ್ನೂ ಹಳೇ ಹೆಸ್ರೇ. ಆಷಾಢ ಏಕಾದಶಿಗೆ ಕರಿ ಕಲ್ಲಿನ ವಿಠೋಬನ ಮುಂದೆ ಸಾಷ್ಟಾಂಗ, ಮನೆಗೆ ಬಂದು ಮೊಮ್ಮಗಳಿಗೆ ಕಡಲೆಹಿಟ್ಟು ಮೊಸರು! ನೀನು ಕೆಜಿಯಲ್ಲಿ ಬಿಡಿಸಿದ ಚಿತ್ರ ಇನ್ನೂ ಕಪಾಟಲ್ಲಿದೆ, ನಾನು, ಆಯಿ, ನೀನು, ಮೂವರೂ ತಿಳಿ ಗುಲಾಬಿ. ಯಾಕೆ ಅಂದ್ರೆ "ಇದೇ ಸ್ಕಿನ್ ಕಲರ್ ಅಪ್ಪ" ಅಂತ ಕ್ರೇಯಾನ್ ತೋರ್ಸಿದ್ದೆ. ನಾನು ನಕ್ಕು ಫ್ರಿಜ್ ಮೇಲೆ ಅಂಟಿಸಿದ್ದೆ.

ಅಮೆರಿಕದಲ್ಲಿ ಕೆನೆತ್ ಕ್ಲಾರ್ಕ್, ಮೇಮಿ ಕ್ಲಾರ್ಕ್ ಅಂತ ಗಂಡ ಹೆಂಡ್ತಿ, ಇಬ್ರೂ ಮನಶ್ಶಾಸ್ತ್ರಜ್ಞರು. 1940ರ ದಶಕದಲ್ಲಿ ಮೂರರಿಂದ ಏಳು ವರ್ಷದ ಕಪ್ಪು ಮಕ್ಕಳ ಮುಂದೆ ಗೊಂಬೆ ಇಟ್ರು, ಬಣ್ಣ ಒಂದು ಬಿಟ್ರೆ ಬೇರೆಲ್ಲ ಒಂದೇ ಥರ. ಯಾವುದು ಒಳ್ಳೇದು ಅಂದ್ರೆ ಹೆಚ್ಚಿನ ಮಕ್ಕಳು ಬಿಳಿ ಗೊಂಬೆ ತೋರಿಸಿದ್ವು. ನಿನ್ನ ಥರ ಇರೋದು ಯಾವುದು ಅಂದಾಗ ಕೆಲವು ಅತ್ತೇ ಬಿಟ್ವು. ಕಪ್ಪು ಬಿಳಿ ಮಕ್ಕಳಿಗೆ ಬೇರೆ ಬೇರೆ ಶಾಲೆ ಮಾಡೋದು ತಪ್ಪು ಅಂತ ಅಲ್ಲಿನ ಸುಪ್ರೀಂ ಕೋರ್ಟ್ 1954ರಲ್ಲಿ ಹೇಳಿದ ತೀರ್ಪಲ್ಲಿ ಈ ಕೆಲಸದ ಪ್ರಸ್ತಾಪ ಇದೆ. ನಮ್ಮನೆ ಫ್ರಿಜ್ ಮೇಲೂ ಅದೇ ಇತ್ತು, ನಾವು ಓದ್ಲಿಲ್ಲ ಅಷ್ಟೇ.

ನಿನ್ನ ಫೋನ್ ಬಂದ್ಮೇಲೆ ಎರಡು ರಾತ್ರಿ ಇದನ್ನೇ ಓದ್ತಾ ಕೂತಿದ್ದೆ, ಆಯಿ ಬೈದು ಲೈಟ್ ಆರಿಸಿದ್ಲು. ವಿಲಿಯಂ ಕ್ರಾಸ್ ಅನ್ನೋರು 1971ರಲ್ಲಿ ಅಲ್ಲಿನ ಕಪ್ಪು ಜನರ ಬಗ್ಗೆ ಬರೆದಿದ್ದು ಸಿಕ್ತು. ಮೊದಮೊದಲು ತನ್ನ ಬಣ್ಣ ದೊಡ್ಡ ವಿಷ್ಯ ಅನ್ಸಲ್ಲ, ಆಮೇಲೆ ಎಲ್ಲೋ ಒಂದು ಏಟು ಬೀಳುತ್ತೆ, ಆಮೇಲೆ ಸಿಟ್ಟು, ತನ್ನವರ ಜೊತೆನೇ ಇರ್ಬೇಕು ಅನ್ಸೋದು, ನಿಧಾನಕ್ಕೆ ತಾನು ಯಾರು ಅನ್ನೋದ್ರಲ್ಲಿ ಒಂದು ನೆಮ್ಮದಿ. ಎಲ್ಲರಿಗೂ ಹಿಂಗೇ ಸಾಲಾಗಿ ಆಗುತ್ತೆ ಅಂತ ನಾನು ನಂಬಲ್ಲ. ಆದ್ರೆ "ಅವ್ಳು ಊಟಕ್ಕೆ ಬರೀ ಅವರ ಕಡೆಯವ್ರ ಜೊತೆ ಕೂರ್ತಾಳೆ, ಗ್ರೂಪಿಸಂ" ಅಂದಿದ್ಯಲ್ಲ, ಆ ಟೇಬಲ್ಲಲ್ಲಿ ಅವಳನ್ನ ಯಾರೂ ಮೋಮೋ ಅನ್ನಲ್ಲ, ಅಷ್ಟೇ ಇರಬಹುದು. ನಾನೂ ಮುಂಬೈಗೆ ಬಂದ ಹೊಸದರಲ್ಲಿ ಆಫೀಸಲ್ಲಿ ಮದ್ರಾಸಿ ಅನ್ನಿಸ್ಕೊಂಡು, ಯಂಡುಗುಂಡು ಅನ್ನಿಸ್ಕೊಂಡು, ನಕ್ಕು ನಕ್ಕು ದವಡೆ ನೋಯೋದು, ಭಾನುವಾರ ಮಾಟುಂಗಾಕ್ಕೆ ಓಡೋದು, ಕನ್ನಡ ಕಿವಿಗೆ ಬಿದ್ರೆ ಸಾಕು.

ಅವಳ ಕಡೆಯವ್ರಿಗೆ ಈ ಗೇಲಿ ಬರೀ ಮಾತಲ್ಲ. 2012ರ ಆಗಸ್ಟ್‌ನಲ್ಲಿ ಹಲ್ಲೆ, ವದಂತಿ ಅಂತ ಹೆದರಿ ನಿನ್ನ ಪುಣೆಯಿಂದ್ಲೂ ಬೆಂಗಳೂರಿಂದ್ಲೂ ಈಶಾನ್ಯದ ಸಾವಿರಾರು ಜನ ರೈಲು ಹತ್ತಿದ್ರು. 2014ರ ಜನವರೀಲಿ ದಿಲ್ಲೀಲಿ ಅರುಣಾಚಲದ ನೀಡೊ ತಾನಿಯಾ ಅನ್ನೋ ಹುಡುಗ ಹೊಡೆತ ತಿಂದು ಸತ್ತ, ಜಗಳ ಶುರುವಾಗಿದ್ದು ಅಂಗಡೀಲಿ ಅವನ ಕೂದಲು ನೋಡಿ ಗೇಲಿ ಮಾಡಿದ್ದಕ್ಕೆ. ಕೂದಲು, ನೋಡು ಮತ್ತೆ.

ಕುರ್ಲಾ ದಾಟ್ತು, ಬೇಗ ಹೇಳ್ತೀನಿ. ಅವಳ ಮುಂದೆ ದೊಡ್ಡ ಸಾರಿ ಎಲ್ಲ ಬೇಡ, ಆಮೇಲೆ ನಿನ್ನನ್ನ ಸಮಾಧಾನ ಮಾಡೋ ಕೆಲಸಾನೂ ಅವಳ ತಲೆಗೇ ಬರುತ್ತೆ. ಕರೆಯೋದು ನಿಲ್ಸು. ಬೇರೆಯವ್ರು ಕರೆದಾಗ ನೀನು ನಗ್ಬೇಡ, ಅಷ್ಟಕ್ಕೇ ಅರ್ಧ ಜನ ಸುಮ್ನಾಗ್ತಾರೆ.

ಗಣೇಶ ಹಬ್ಬಕ್ಕೆ ಬರೋವಾಗ, ಅವಳಿಗೆ ಇಷ್ಟ ಇದ್ರೆ, ಅವಳನ್ನೂ ಕರ್ಕೊಂಡು ಬಾ. ಅಜ್ಜಿ ಯಾವ ದೇಶ ಅಂತ ಕೇಳೇ ಕೇಳ್ತಾಳೆ, ಅವಳಿಗೆ ನಾನು ಮೊದ್ಲೇ ಹೇಳಿ ಇಟ್ಟಿರ್ತೀನಿ. ಕಲ್ಯಾಣ್‌ವರೆಗೆ ಎರಡು ಟಿಕೆಟ್ ಬುಕ್ ಮಾಡ್ಬೇಕು, ಅದಕ್ಕೆ ಹೆಸರು ಬೇಕು. ಅರ್ಧ ಗಂಟೆ ಮಾತಾಡಿದ್ವಿ, ಅವಳ ಹೆಸರು ನೀನು ಒಂದ್ಸಲಾನೂ ಹೇಳ್ಲಿಲ್ಲ. ಕೇಳ್ಕೊಂಡು ಮೆಸೇಜ್ ಮಾಡು, ಸ್ಪೆಲ್ಲಿಂಗ್ ಸಮೇತ.

ಅಪ್ಪ