ಮಗಳಿಗೊಂದು ಪತ್ರ: ಆ ಮೆಟ್ಟಿಲುಗಳನ್ನು ಕತ್ತರಿಸಬೇಡ

ಪುಟ್ಟೀ,

ರಾತ್ರಿ ಒಂದು ಗಂಟೆ. ಪುಣೆಯ ಬಸ್ ಚಿತ್ರದುರ್ಗ ದಾಟಿರಬೇಕು. ಹತ್ತಿಸಲು ನಾನು ಬರಲಿಲ್ಲ. ಊಟದ ಹೊತ್ತಿಗೆ ನೀನು ಮಾಡಿದ ಸಿನಿಮಾದ ಬಗ್ಗೆ ಆದ ಮಾತನ್ನು ಮತ್ತೆ ಬರೆಯುವುದಿಲ್ಲ.

ನಿದ್ದೆ ಬಾರದೆ 'ದಿ ಮ್ಯೂಸಿಕ್ ಬಾಕ್ಸ್' ಹಾಕಿಕೊಂಡು ಕುಳಿತೆ. ನಿನಗೆ ಆರು ವರ್ಷವಿದ್ದಾಗ ತೋರಿಸಿದ್ದೆನಲ್ಲ, ಲಾರೆಲ್ ಮತ್ತು ಹಾರ್ಡಿ ಎಂಬ ಹಾಸ್ಯಜೋಡಿ ಪಿಯಾನೋ ಪೆಟ್ಟಿಗೆಯನ್ನು ಮೆಟ್ಟಿಲು ಹತ್ತಿಸುವ ಅದೇ ಚಿತ್ರ. ಪಿಯಾನೋ ಪೆಟ್ಟಿಗೆ ಮೆಟ್ಟಿಲ ಮೇಲಿಂದ ಜಾರಿದಾಗ ನಾವೆಲ್ಲ ನಕ್ಕೆವು, ನೀನೊಬ್ಬಳು ಅತ್ತೆ. "ಪಾಪ, ಮತ್ತೆ ಹತ್ತಬೇಕಲ್ಲಪ್ಪಾ" ಎಂದೆ. ಅಳುಬುರುಕಿ ಎಂದು ಗದರಿದ್ದೆ. ಇವತ್ತು ಆ ದೃಶ್ಯವನ್ನು ನಾಲ್ಕು ಸಲ ನೋಡಿದೆ, ನಾಲ್ಕು ಸಲವೂ ನಿನ್ನ ಆ ದನಿಯೇ ಕೇಳಿಸಿತು.

1932ರ ಚಿತ್ರ. ಸಿನಿಮಾಕ್ಕೆ ಆಗಷ್ಟೇ ಮಾತು ಬಂದಿತ್ತು. ಆದರೂ ನಿರ್ದೇಶಕ ಜೇಮ್ಸ್ ಪ್ಯಾರಟ್ ಮಾತಿನ ಹಿಂದೆ ಓಡಲಿಲ್ಲ. ಲಾಸ್ ಏಂಜಲಿಸ್‌ನ ಆ 133 ಮೆಟ್ಟಿಲುಗಳನ್ನು ದೂರದಿಂದ ಇಡಿಯಾಗಿ ತೋರಿಸಿ ಕಾಯುತ್ತಾನೆ. ಪೆಟ್ಟಿಗೆ ಉರುಳುತ್ತದೆ, ಒಳಗೆ ತಂತಿಗಳು ಝಣಝಣ ಎನ್ನುತ್ತವೆ. ಪಿಯಾನೋ ಕಣ್ಣಿಗೆ ಬೀಳುವುದಿಲ್ಲ, ಅದಕ್ಕಾದ ನೋವು ಮಾತ್ರ ಕಿವಿಗೆ ಬೀಳುತ್ತದೆ. ಹಾಸ್ಯ ಕಿರುಚಿತ್ರಕ್ಕೆಂದು ಕೊಟ್ಟ ಮೊಟ್ಟಮೊದಲ ಆಸ್ಕರ್ ಇದಕ್ಕೇ ಬಂತು.

ನಿನ್ನ ಚಿತ್ರದ ಮುದುಕ ಗ್ಯಾಸ್ ಸಿಲಿಂಡರ್ ಹೊತ್ತು ಮೂರು ಮಹಡಿ ಹತ್ತುವುದನ್ನು "ಬರೀ ಮೆಟ್ಟಿಲು, ಕತ್ತರಿಸು" ಎಂದುಬಿಟ್ಟೆ. ತಪ್ಪಾಯಿತು ಮಗಳೇ. ಸಿಲಿಂಡರ್ ಪ್ರತಿ ಮೆಟ್ಟಿಲಿಗೂ ಠಣ್ ಎನ್ನುವುದನ್ನು ನೀನು ಅಷ್ಟು ಜೋಪಾನವಾಗಿ ಹಿಡಿದಿದ್ದೆ, ನಾನು ಕೇಳಿಸಿಕೊಳ್ಳಲೇ ಇಲ್ಲ.

ಆದರೂ ಒಂದು ಮಾತು. ನಿಧಾನವೆಂದರೆ ಸಡಿಲವಲ್ಲ. ಪ್ಯಾರಟ್‌ನ ಪೆಟ್ಟಿಗೆ ಪ್ರತಿ ಸಲವೂ ಬೇರೆ ಕಾರಣಕ್ಕೆ ಜಾರುತ್ತದೆ. ಒಮ್ಮೆ ಮಗುವಿನ ಗಾಡಿ ತಳ್ಳಿಕೊಂಡು ಬಂದ ದಾದಿಗೆ ದಾರಿ ಬಿಡಲು ಹೋಗಿ, ಇನ್ನೊಮ್ಮೆ ಪೊಲೀಸ್ ಕರೆದನೆಂದು. ನಿನ್ನ ಮುದುಕ ಎರಡನೇ ಮಹಡಿಯಲ್ಲೂ ಮೊದಲಿನ ಹಾಗೆಯೇ ನಿಂತು ಉಸಿರು ಬಿಡುತ್ತಾನೆ. ಅಲ್ಲಿ ಯಾರಾದರೂ ಎದುರಾಗಲಿ. ಶಿಕ್ಷಕರು ಹೇಳಿದ್ದನ್ನು ಬರೆದಿಟ್ಟುಕೋ, ರಾತ್ರಿಯೆಲ್ಲ ಎಡಿಟಿಂಗ್ ಎಂದು ಕೂರಬೇಡ, ಬೆಳಗಿನ ತಿಂಡಿ ಬಿಡಬೇಡ. ನೋಡು, ಮತ್ತೆ ಶುರು ಮಾಡಿದೆ.

ಅಷ್ಟೆಲ್ಲ ಹತ್ತಿದ ಮೇಲೆ, ಮೇಲಕ್ಕೆ ಗಾಡಿ ದಾರಿಯೇ ಇತ್ತಲ್ಲ ಎಂದು ಅಂಚೆಯವನು ಹೇಳುತ್ತಾನೆ. ಇಬ್ಬರೂ ಪಿಯಾನೋವನ್ನು ಮತ್ತೆ ಕೆಳಗಿಳಿಸುತ್ತಾರೆ. ಆರು ವರ್ಷಕ್ಕೇ ಅದನ್ನು ಕಂಡು ಅತ್ತವಳು ನೀನು. ನನಗೆ ಹೆಮ್ಮೆ. ಹೊರಗಿನ ಜನ ಆ ಮನಸ್ಸನ್ನು ಗದರಿಸಿ ಗಟ್ಟಿ ಮಾಡಿಬಿಟ್ಟಾರೆಂಬ ಭಯವೂ ಇದೆ. ಮೊದಲು ಗದರಿದವನು ನಾನೇ.

ತಲುಪಿದ ಕೂಡಲೇ ಅಮ್ಮನ ಮೊಬೈಲ್‌ಗೆ ಫೋನ್ ಮಾಡು. ನಾನೇ ಎತ್ತುತ್ತೇನೆ.

ನಿನ್ನ
ಅಪ್ಪ