ಭಾನುವಾರದ ಚರ್ಚೆ: ಮತಕ್ಕೆ ಹಾಕಿದರೆ ಮುಗಿಯಿತೇ?

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ 6ಕ್ಕೆ ಗೂಗಲ್ ಮೀಟ್‌ನಲ್ಲಿ ಸೇರೋಣ. ಬಹುಮತದ ಆಡಳಿತವನ್ನು ಎಷ್ಟರ ಮಟ್ಟಿಗೆ ನಂಬಬಹುದು ಅನ್ನುವುದೇ ಈ ಸಲದ ವಿಷಯ.

ಡೆಬಿಯನ್‌ನಿಂದ ಶುರು ಮಾಡೋಣ. ಅದು ಸ್ವಯಂಸೇವಕರು ಸೇರಿ ಕಟ್ಟುವ, ಲಿನಕ್ಸ್ ಆಧಾರಿತ ಆಪರೇಟಿಂಗ್ ಸಿಸ್ಟಮ್. ಅಲ್ಲಿ ಲಿಖಿತ ಸಂವಿಧಾನವಿದೆ, ವರ್ಷಕ್ಕೊಮ್ಮೆ ನಾಯಕನ ಚುನಾವಣೆ ನಡೆಯುತ್ತದೆ. ಆದರೂ 2014ರಲ್ಲಿ ಸಿಸ್ಟಮ್‌ಡಿ (ಕಂಪ್ಯೂಟರ್ ಆನ್ ಆದಾಗ ಉಳಿದ ಪ್ರೋಗ್ರಾಂಗಳನ್ನು ಶುರು ಮಾಡುವ ತಂತ್ರಾಂಶ) ಬೇಕೇ ಬೇಡವೇ ಎಂಬ ಜಗಳ ತಾಂತ್ರಿಕ ಸಮಿತಿಗೆ ಹೋದಾಗ ಮತ 4–4 ಸಮವಾಗಿ, ಅಧ್ಯಕ್ಷರ ನಿರ್ಣಾಯಕ ಮತದಿಂದ ಸಿಸ್ಟಮ್‌ಡಿ ಗೆದ್ದಿತು. ನವೆಂಬರ್‌ನಲ್ಲಿ ಡೆವಲಪರ್‌ಗಳ ಮುಂದೆಯೇ ಮತಕ್ಕಿಟ್ಟರು. ಗೆದ್ದ ಆಯ್ಕೆ ಯಾವುದು ಗೊತ್ತೇ? ‘ಇದಕ್ಕೆ ಸಾಮಾನ್ಯ ನಿರ್ಣಯದ (ಎಲ್ಲ ಡೆವಲಪರ್‌ಗಳ ಮತದಿಂದ ಆಗುವ ನಿರ್ಣಯದ) ಅಗತ್ಯವಿಲ್ಲ’ ಅನ್ನುವುದು! ಒಪ್ಪದ ಕೆಲವರು ಅದೇ ಕೋಡ್ ತೆಗೆದುಕೊಂಡು ಡೆವುವಾನ್ ಎಂಬ ಬೇರೆ ಸಿಸ್ಟಮ್ ಕಟ್ಟಲು ಹೊರಟರು. ಇತ್ತ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಮತದಾನದ ಗೊಡವೆಯೇ ಇಲ್ಲ. ಕೊನೆಯ ಮಾತು ಅದನ್ನು ಶುರು ಮಾಡಿದ ಲಿನಸ್ ಟೊರ್ವಾಲ್ಡ್ಸ್ ಅವರದು. ಕೆಲಸವೇನೂ ನಿಂತಿಲ್ಲ.

ದೇಶಗಳಿಗೆ ಹಾಗೆ ಬೇರೆ ಮನೆ ಹೂಡಲು ಆಗುವುದಿಲ್ಲವಲ್ಲ. 2022ರ ಫೆಬ್ರುವರಿಯಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಉಕ್ರೇನ್ ನಿರ್ಣಯವನ್ನು ರಷ್ಯಾ ವೀಟೋ ಹಾಕಿ ತಡೆಯಿತು. ಮಾರ್ಚ್ 2ರಂದು ಸಾಮಾನ್ಯ ಸಭೆಯಲ್ಲಿ 141 ದೇಶಗಳು ಸೇನೆ ಹಿಂತೆಗೆದುಕೊಳ್ಳಿ ಎಂದವು, 5 ವಿರೋಧಿಸಿದವು, ಭಾರತವೂ ಸೇರಿ 35 ತಟಸ್ಥವಾಗಿ ಉಳಿದವು. ಸೇನೆ ಮಾತ್ರ ಹಿಂದೆ ಸರಿಯಲಿಲ್ಲ.

ಮತ ಎಣಿಸುವುದು ಸುಲಭ, ಸೋತವರು ಅದಕ್ಕೆ ಯಾಕೆ ತಲೆಬಾಗಬೇಕು ಅನ್ನುವುದೇ ಕಷ್ಟದ ಪ್ರಶ್ನೆ ಅಂತ ನನಗನಿಸುತ್ತದೆ. ಒಪ್ಪದವರು ಖಂಡಿತ ಬಂದು ಜಗಳವಾಡಿ.

ನಮ್ಮ ಪಕ್ಷಗಳ ಬಗೆಗಿನ ಫಾರ್ವರ್ಡ್‌ಗಳು ದಯವಿಟ್ಟು ಬೇಡ. ಬರುವವರು ಶನಿವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ, ಲಿಂಕ್ ಆಮೇಲೆ ಹಾಕುತ್ತೇನೆ.