ಕೈಗಡಿಯಾರ ಕೇಳಿದ ಹೆಂಗಸು

ಪ್ರೀತಿಯ ತಂಗಿ,

ನಿನ್ನ ಬೇಹುಗಾರಿಕೆ ಕಥೆಯನ್ನು ಎರಡು ಸಲ ಓದಿದೆ. ಜೊತೆಗಿದ್ದ ಚೀಟಿಯನ್ನು ಒಂದೇ ಸಲ. ‘ಇನ್ನು ಬರೆಯುವುದಿಲ್ಲ’ ಎಂಬ ಮಾತನ್ನು ಮತ್ತೆ ಓದಲು ಮನಸ್ಸಾಗಲಿಲ್ಲ. ಕಥೆ ಎಷ್ಟು ಪುಟ ಇರಬೇಕು, ಯಾರಿಗೆ ಕಳುಹಿಸಬೇಕು ಎಂದು ಕೇಳಿದ್ದೀಯೆ. ಅದನ್ನು ಯಾರು ಬೇಕಾದರೂ ಹೇಳಿಯಾರು. ನನ್ನ ತಕರಾರು ಬೇರೆ. ಒಂದು ಕಥೆಗೆ ಮೂರು ತಿರುವು ಏಕೆ?

ಹಳೆಯ ಬೇಹುಗಾರಿಕೆ ಕಥೆಗಳ ಸಂಕಲನವೊಂದನ್ನು ಒಂದೇ ರಾತ್ರಿಯಲ್ಲಿ ಮುಗಿಸಿದೆನೆಂದು ಹೆಮ್ಮೆಯಿಂದ ಬರೆದಿದ್ದೀಯೆ. ತಪ್ಪಿದ್ದು ಅಲ್ಲೇ. ಮುಂದೇನು, ಮುಂದೇನು ಎಂದು ಓಡಿದವರ ಕೈಗೆ ತಿರುವುಗಳಷ್ಟೇ ಸಿಗುತ್ತವೆ.

ಇಂಗ್ಲಿಷ್ ಕಥೆಗಾರ ಸಾಮರ್‌ಸೆಟ್ ಮಾಮ್‌ನನ್ನು ನಿಧಾನವಾಗಿ ಓದು. ಮೊದಲ ಮಹಾಯುದ್ಧದಲ್ಲಿ ಸ್ವಿಟ್ಜರ್ಲೆಂಡಿನಲ್ಲಿ, 1917ರಲ್ಲಿ ರಷ್ಯಾದಲ್ಲಿ ಬ್ರಿಟಿಷರ ಗುಪ್ತಚರನಾಗಿದ್ದವನು ಆತ. 1928ರಲ್ಲಿ ಬಂದ ಅವನ, ಆಷೆಂಡೆನ್ ಎಂಬ ಗೂಢಚಾರನ ಕಥೆಗಳಲ್ಲಿ ಜೂಲಿಯಾ ಲಜ್ಜಾರಿ ಎಂಬ ನರ್ತಕಿ ಬರುತ್ತಾಳೆ. ಬ್ರಿಟಿಷ್ ಗುಪ್ತಚರರು ಅವಳನ್ನು ಹೆದರಿಸಿ ಪತ್ರ ಬರೆಸಿ, ಅವಳ ಪ್ರಿಯಕರನಾದ ಭಾರತೀಯ ಕ್ರಾಂತಿಕಾರಿ ಚಂದ್ರ ಲಾಲ್‌ನನ್ನು ಫ್ರಾನ್ಸಿನ ನೆಲಕ್ಕೆ ಎಳೆಯುತ್ತಾರೆ. ಸಿಕ್ಕಿಬಿದ್ದೊಡನೆ ಅವನು ವಿಷ ನುಂಗುತ್ತಾನೆ. ನೀನಾಗಿದ್ದರೆ ಅಲ್ಲಿಗೆ ಕಥೆ ಮುಗಿಸುತ್ತಿದ್ದೆ. ಮಾಮ್ ಮುಗಿಸುವುದಿಲ್ಲ. ಕ್ರಿಸ್ಮಸ್‌ಗೆ ಅವನಿಗೆ ತಾನೇ ಕೊಡಿಸಿದ್ದ, 12 ಪೌಂಡಿನ ಕೈಗಡಿಯಾರವನ್ನು ವಾಪಸ್ ಕೊಡುತ್ತೀರಾ ಎಂದು ಆ ಹೆಂಗಸು ಕೇಳುತ್ತಾಳೆ. ಅವಳನ್ನು ಬೈಯಬೇಕೋ, ಮರುಗಬೇಕೋ? ನಲವತ್ತು ವರ್ಷಗಳಿಂದ ಓದುತ್ತಿದ್ದೇನೆ, ಇನ್ನೂ ಗೊತ್ತಾಗಿಲ್ಲ.

ತಿರುವೇ ಬೇಡವೆಂದಲ್ಲ. ಅರ್ಜೆಂಟೀನಾದ ಕಥೆಗಾರ ಬೋರ್ಹೆಸ್‌ನ 1941ರ ಕಥೆಯಲ್ಲಿ ಗೂಢಚಾರ ಯೂ ತ್ಸುನ್, ಆಲ್ಬರ್ಟ್ ಎಂಬ ವಿದ್ವಾಂಸನನ್ನು ಕೊಲ್ಲುವುದೇ ಬಾಂಬು ಹಾಕಬೇಕಾದ ಊರಿನ ಹೆಸರನ್ನು ಜರ್ಮನರಿಗೆ ತಿಳಿಸಲು; ಆ ಊರಿನ ಹೆಸರೂ ಆಲ್ಬರ್ಟ್. ಎಂಥ ತಿರುವು! ಆದರೂ ಕೊನೆಯ ಮಾತು ಅದಲ್ಲ. ಕೊಂದವನ ಪಶ್ಚಾತ್ತಾಪ, ದಣಿವು.

ಇಷ್ಟು ಸಿಟ್ಟೇಕೆ ಎಂದರೆ, ನಾನೂ ಇಲ್ಲೇ ಎಡವಿದವನು. ನಿನ್ನ ವಯಸ್ಸಿನಲ್ಲಿ ಒಬ್ಬ ಮಾಹಿತಿದಾರನ ಕಥೆ ಬರೆದಿದ್ದೆ. ಅವನು ಸತ್ತ ಮೇಲೂ ಅವನ ತಾಯಿ ರಾತ್ರಿ ಎರಡು ಲೋಟ ನೀರು ತುಂಬಿಡುತ್ತಿದ್ದಳು. ಸಂಪಾದಕರೊಬ್ಬರು ಆ ಆರು ಸಾಲುಗಳನ್ನು ಹೊಡೆದುಹಾಕಿ, ಗುಟ್ಟು ಬಯಲಾಗುವಲ್ಲಿಗೆ ಕಥೆ ನಿಲ್ಲಿಸಿದರು. ಅವರ ಮೇಲಿನ ಕೋಪ ಇಂದಿಗೂ ಆರಿಲ್ಲ. ಆದರೆ ಮೆಚ್ಚುಗೆಯ ಪತ್ರಗಳು ಬಂದಾಗ ಬಾಯಿ ಮುಚ್ಚಿಕೊಂಡವನು ನಾನು. ಮುಂದಿನ ಹತ್ತು ವರ್ಷ ಆ ಚಪ್ಪಾಳೆಗಾಗಿಯೇ ಬರೆದೆ. ಆ ತಾಯಿಯಂಥ ಇನ್ನೊಬ್ಬಳು ನನ್ನ ಲೇಖನಿಗೆ ಮತ್ತೆ ಸಿಗಲಿಲ್ಲ.

ನಿನಗೆ ಸಿಕ್ಕಿದ್ದಾನೆ, ತಂಗಿ. ನಾಲ್ಕನೆಯ ಪುಟ ತೆಗೆದು ನೋಡು. ಊರವರ ಪತ್ರಗಳನ್ನು ಗುಟ್ಟಾಗಿ ಒಡೆದು ಓದುವ ನಿನ್ನ ಗುಮಾಸ್ತ, ಯಾರದೋ ಪತ್ರದಲ್ಲಿ ಮಗುವಿಗೆ ಜ್ವರವೆಂದು ಓದಿ, ಮರುದಿನ ಅದೇ ಕೈಬರಹದ ಲಕೋಟೆಗಾಗಿ ಚೀಲವನ್ನೆಲ್ಲ ತಡಕುತ್ತಾನೆ. ಅದನ್ನು ಎರಡೇ ಸಾಲಿನಲ್ಲಿ ಬಿಟ್ಟು, ಅವನೇ ದ್ರೋಹಿ ಎಂದು ತೋರಿಸಲು ಹನ್ನೊಂದು ಪುಟ ಓಡಿದ್ದೀಯೆ! ದ್ರೋಹಿಯೇ ಆಗಿರಲಿ, ನನಗೇನೂ ಅಡ್ಡಿಯಿಲ್ಲ. ಆ ಲಕೋಟೆ ಬಂತೇ? ಮಗುವಿನ ಜ್ವರ ಇಳಿಯಿತೇ? ಅದನ್ನು ಬರೆದು ಕಳುಹಿಸು, ಕಾಯುತ್ತಿರುತ್ತೇನೆ.

ಇಂತು ನಿನ್ನ,
ಹಿರಿಯ ಓದುಗ